ಬೆಟ್ಟದ ಮೌನ, ಐದು ವ್ಯಾಟಿನ ಮಾತು

ಒಂದು ಕಾಲಕ್ಕೆ ಹಿನಕಲ್ ಎಂದರೆ ಮೈಸೂರಿನ ಪಡುವಣ ದಿಕ್ಕಿಗೆ, ಹುಣಸೂರು ರಸ್ತೆಯ ಮಗ್ಗುಲಲ್ಲಿದ್ದ ಹಳ್ಳಿ. ಇಂದು ವರ್ತುಲ ರಸ್ತೆಯೂ ಮೇಲುಸೇತುವೆಯೂ ಹೊಸ ಬಡಾವಣೆಗಳೂ ಅದನ್ನು ನಗರದ ಒಡಲಿಗೆ ಸೇರಿಸಿಬಿಟ್ಟಿವೆ. ಮನೆಮನೆಯಲ್ಲಿಯೂ ಎಲ್‌ಇಡಿ ದೀಪ, ಫೋನಿನ ಚಾರ್ಜರು, ಇನ್ವರ್ಟರು. ಸೌಕರ್ಯಗಳೇನೋ ಸರಿ. ಆದರೆ ಮಹಡಿಯ ಮೇಲೆ ತಂತಿ ಕಟ್ಟಿ ಕಿರುತರಂಗದ ರೇಡಿಯೋಗೆ ಕಿವಿಗೊಟ್ಟವನಿಗೆ ಇವುಗಳ ಇನ್ನೊಂದು ಮುಖ ಕಾಣುತ್ತದೆ. ಇಂಥ ಉಪಕರಣಗಳಲ್ಲಿ ಅನೇಕವು ವಿದ್ಯುತ್ತನ್ನು ಕ್ಷಣಕ್ಕೆ ಸಾವಿರಾರು ಬಾರಿ ಕಡಿದು ಜೋಡಿಸುತ್ತ, ಸುತ್ತಲೂ ಒಂದು ಬಗೆಯ ಗದ್ದಲವನ್ನು ಚೆಲ್ಲುತ್ತವೆ. ಆ ಗದ್ದಲದಲ್ಲಿ ದೂರದವರ ಕ್ಷೀಣವಾದ ದನಿ ಮುಳುಗಿಹೋಗುತ್ತದೆ.

ಆದುದರಿಂದಲೇ ಹವ್ಯಾಸಿ ರೇಡಿಯೋದವರಲ್ಲಿ ಕೆಲವರು ರಜೆ ಬಂತೆಂದರೆ ಗುಡಾರವನ್ನೂ ಪುಟ್ಟ ಯಂತ್ರವನ್ನೂ ಹೆಗಲಿಗೇರಿಸಿ ಬೆಟ್ಟದ ದಾರಿ ಹಿಡಿಯುತ್ತಾರೆ. ಅವರ ಯಂತ್ರದ ಶಕ್ತಿ ಸಾಮಾನ್ಯವಾಗಿ 5 ವ್ಯಾಟ್. ಕೋಣೆಯೊಂದನ್ನು ಬೆಳಗುವ 9 ವ್ಯಾಟಿನ ದೀಪಕ್ಕಿಂತಲೂ ಅದು ಕಡಿಮೆ! ಇಷ್ಟರಿಂದ ನೂರಾರು, ಕೆಲವೊಮ್ಮೆ ಸಾವಿರಾರು ಮೈಲಿ ದೂರದವರೊಡನೆ ಮಾತನಾಡುವುದೇ ಈ ಹವ್ಯಾಸದ ಸೊಗಸು. ಅದಕ್ಕೆ 'ಕ್ಯೂಆರ್‌ಪಿ' ಎಂದು ಹೆಸರು. ತಂತಿ ವಾರ್ತೆಯವರ ಹಳೆಯ ಸಂಕೇತ ಭಾಷೆಯಲ್ಲಿ ಅದರ ಅರ್ಥ, 'ಶಕ್ತಿಯನ್ನು ಕುಗ್ಗಿಸಲೆ?' ಎಂದು.

ಅಲ್ಪಶಕ್ತಿಯಿಂದ ದೊಡ್ಡ ಕೆಲಸ ಸಾಧಿಸುವುದು ಮೈಸೂರಿಗೆ ಹೊಸದಲ್ಲ. ಹಿನಕಲ್ಲಿನಿಂದ ನಗರದ ಕಡೆಗೆ ಬಂದರೆ ಒಂಟಿಕೊಪ್ಪಲು ಬಹು ದೂರವೇನಲ್ಲ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ, ಅಲ್ಲಿದ್ದ ತಮ್ಮ ಮನೆ 'ವಿಠ್ಠಲ ವಿಹಾರ'ದಿಂದ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಆ ಯಂತ್ರದ ಶಕ್ತಿ ಕೇವಲ 30 ವ್ಯಾಟ್. ಮುಂದೆ ದೇಶಕ್ಕೆಲ್ಲ ಸಂದ 'ಆಕಾಶವಾಣಿ' ಎಂಬ ಹೆಸರನ್ನು ಹೊತ್ತದ್ದು ಈ ಪುಟ್ಟ ನಿಲಯವೇ. ಗೋಪಾಲಸ್ವಾಮಿಯವರದು ಊರಿಗೆಲ್ಲ ಕೇಳಿಸುವ ಪ್ರಸಾರ. ಹವ್ಯಾಸಿಯದು ಒಬ್ಬನು ಇನ್ನೊಬ್ಬನೊಡನೆ ಆಡುವ ಮಾತು. ಎರಡಕ್ಕೂ ಭೇದವುಂಟು. ಆದರೆ ಇರುವಷ್ಟರಲ್ಲಿಯೇ ಕೆಲಸ ಸಾಗಿಸುವ ಛಲ ಎರಡರಲ್ಲಿಯೂ ಒಂದೇ.

ಇದು ಸಾಧ್ಯವಾಗುವುದು ಹೇಗೆ? ಭೂಮಿಯಿಂದ ಸುಮಾರು 100ರಿಂದ 400 ಕಿಲೋಮೀಟರ್ ಎತ್ತರದಲ್ಲಿ, ಸೂರ್ಯಕಿರಣಗಳಿಂದ ವಿದ್ಯುದಾವೇಶ ಪಡೆದ ಪದರಗಳಿವೆ. ಕಿರುತರಂಗಗಳು ಅಲ್ಲಿಂದ ಬಾಗಿ ನೆಲಕ್ಕೆ ಮರಳುತ್ತವೆ. ಮೇಲೇರುವ ಕೆಲಸವನ್ನು ತರಂಗವೂ ಹಿಂದಿರುಗಿಸುವ ಕೆಲಸವನ್ನು ಆಕಾಶವೂ ಮಾಡುತ್ತಿರುವಾಗ, ಮನುಷ್ಯನು ವ್ಯಯಿಸಬೇಕಾದ ಶಕ್ತಿ ಅಷ್ಟೇನೂ ಹೆಚ್ಚಲ್ಲ. 100 ವ್ಯಾಟಿನಿಂದ 5 ವ್ಯಾಟಿಗೆ ಇಳಿದರೆ ಶಕ್ತಿ ಇಪ್ಪತ್ತರಲ್ಲಿ ಒಂದು ಪಾಲಾಗುತ್ತದೆ, ನಿಜ. ಆದರೆ ಕೇಳುವವನ ಯಂತ್ರದ ಮುಳ್ಳು ಇಳಿಯುವುದು ಎರಡು ಗೆರೆಗಳಿಗಿಂತ ತುಸು ಹೆಚ್ಚು, ಅಷ್ಟೆ. ಮಾತನ್ನು ಬಿಟ್ಟು ಮೋರ್ಸ್ ಸಂಕೇತವನ್ನು ಬಳಸಿದರೆ ಇನ್ನೂ ಲಾಭ. ಧ್ವನಿಯಂತೆ ಹರಡಿಕೊಳ್ಳದೆ ಅದು ಕಿರಿದಾದ ಓಣಿಯಲ್ಲಿ ಸಾಗುವುದರಿಂದ, ಇರುವಷ್ಟು ಶಕ್ತಿಯೂ ಒಂದೆಡೆ ಸೇರಿರುತ್ತದೆ.

ಬೆಟ್ಟದಲ್ಲಿ ಬೇಕಾಗುವ ಸಾಮಗ್ರಿ ಸ್ವಲ್ಪವೇ. 12 ವೋಲ್ಟಿನ ಚಿಕ್ಕ ಬ್ಯಾಟರಿ ಒಂದು ಸಂಜೆಗೆ ಧಾರಾಳವಾಗಿ ಸಾಕು. 7.1 ಮೆಗಾಹರ್ಟ್ಸ್ ಕಂಪನಾಂಕಕ್ಕೆ 66 ಅಡಿ ತಂತಿ ಬೇಕು. ಅದನ್ನು ನಡುವೆ ಕತ್ತರಿಸಿ, ಆ ನಡುಭಾಗವನ್ನು ಮರದ ಕೊಂಬೆಗೋ ಬಿದಿರಿನ ಗಳುವಿಗೋ 25 ಅಡಿ ಎತ್ತರಕ್ಕೆ ಏರಿಸಿ, ತುದಿಗಳೆರಡನ್ನೂ ಇಳಿಜಾರಾಗಿ ಕಟ್ಟಿದರೆ ಏರಿಯಲ್ ಸಿದ್ಧ. ಹಗಲಿನಲ್ಲಿ ಇದರಿಂದ ಚೆನ್ನೈ, ಹೈದರಾಬಾದುಗಳ ಕಡೆಯವರು ಸಿಗಬಹುದು. ರಾತ್ರಿಯಾದಂತೆ ದೂರ ಬೆಳೆಯುತ್ತದೆ. ಇಲ್ಲಿ ಬೆಟ್ಟ ಕೊಡುವ ದೊಡ್ಡ ಉಪಕಾರವೆಂದರೆ ಎತ್ತರಕ್ಕಿಂತಲೂ ಮೌನ. ಊರಿನಲ್ಲಿ ಕೇಳಿಸದೆ ಹೋದ ದನಿ ಅಲ್ಲಿ ಕೇಳಿಸುತ್ತದೆ. ಕೇಳಿಸಿದರೆ ತಾನೆ ಉತ್ತರ ಕೊಡುವುದು?

ಯಂತ್ರಕ್ಕೆ ಬಹಳ ಹಣ ಬೇಕೆಂಬ ಭಯವೂ ಬೇಡ. ಹೈದರಾಬಾದಿನ ಅಷ್ಹರ್ ಫರ್ಹಾನ್ ಅವರು ಈ ಶತಮಾನದ ಮೊದಲ ದಶಕದಲ್ಲಿ 'ಬಿಟ್‌ಎಕ್ಸ್' ಎಂಬ ಪುಟ್ಟ ಯಂತ್ರದ ನಕ್ಷೆಯನ್ನು ಎಲ್ಲರಿಗೂ ಉಚಿತವಾಗಿ ಒದಗಿಸಿದರು. ಸುರುಳಿ ಸುತ್ತಲು ನಲ್ಲಿಯ ವಾಷರುಗಳನ್ನೇ ಬಳಸಿದ ಜಾಣ್ಮೆ ಅವರದು. ದೇಶವಿದೇಶಗಳ ಹವ್ಯಾಸಿಗಳು ಅದನ್ನು ತಮ್ಮ ಕೈಯಾರೆ ಕಟ್ಟಿಕೊಂಡರು.

ಆದರೆ ಉತ್ಸಾಹಕ್ಕೆ ವಿವೇಕದ ಕಡಿವಾಣವೂ ಇರತಕ್ಕದ್ದು. ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ, ಕೇಂದ್ರ ಸರ್ಕಾರದಿಂದ ಪರವಾನಗಿಯನ್ನೂ ಕರೆಗುರುತನ್ನೂ ಪಡೆಯದೆ ಪ್ರಸಾರ ಮಾಡುವುದು ಅಪರಾಧ. ಕೇಳುವುದರಿಂದ ಅಭ್ಯಾಸವನ್ನು ಆರಂಭಿಸುವುದೇ ಲೇಸು. ಎಲ್ಲ ಬೆಟ್ಟಗಳೂ ಗುಡಾರಕ್ಕೆ ತಕ್ಕವಲ್ಲ. ಚಾಮುಂಡಿ ಬೆಟ್ಟದ ಕಾಡು ಕಾಯ್ದಿಟ್ಟ ಅರಣ್ಯ. ಹಿಮವದ್ ಗೋಪಾಲಸ್ವಾಮಿ ಬೆಟ್ಟವಿರುವುದು ಬಂಡೀಪುರದ ಹುಲಿಗಳ ಸೀಮೆಯಲ್ಲಿ. ಅರಣ್ಯ ಇಲಾಖೆಯ ಅನುಮತಿಯಿರುವ ಕಡೆ, ಇಲ್ಲವೆ ಕೊಡಗಿನಂಥ ಪ್ರದೇಶದ ತೋಟಗಳಲ್ಲಿ ಮಾಲೀಕರ ಒಪ್ಪಿಗೆ ಪಡೆದು ತಂಗುವುದು ಕ್ಷೇಮ. ಏಪ್ರಿಲ್, ಮೇ ತಿಂಗಳುಗಳ ಸಿಡಿಲಿನ ಕಾಲವಂತೂ ಬೇಡವೇ ಬೇಡ. ಗುಡುಗು ಕೇಳಿದೊಡನೆ ತಂತಿಯನ್ನು ಕಳಚಿ ಕೆಳಗಿಳಿಯುವವನೇ ಜಾಣ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಆಕಾಶ ಶಾಂತವಾಗಿರುತ್ತದೆ.

ಜೇಬಿನಲ್ಲಿ ಮೊಬೈಲ್ ಫೋನಿರುವಾಗ ಇಷ್ಟೆಲ್ಲ ಶ್ರಮವೇಕೆ ಎಂದು ಹಿರಿಯರು ಕೇಳುವುದು ಸಹಜ. 2004ರ ಡಿಸೆಂಬರ್ 26ರಂದು ಇದಕ್ಕೆ ಉತ್ತರ ದೊರೆಯಿತು. ಹವ್ಯಾಸಿ ರೇಡಿಯೋದ ಭಾರತಿ ಪ್ರಸಾದ್ ಅವರ ತಂಡ ಆಗ ಅಂಡಮಾನಿನ ಪೋರ್ಟ್‌ಬ್ಲೇರ್‌ನಲ್ಲಿತ್ತು. ಬಂದದ್ದು ಹವ್ಯಾಸಕ್ಕೆ, ಕಡಲು ಉಕ್ಕಿ ಸಂಪರ್ಕಗಳು ಕಡಿದುಬಿದ್ದಾಗ ಮಾಡಿದ್ದು ಸೇವೆ. ದ್ವೀಪಗಳಲ್ಲಿದ್ದವರು ಉಳಿದಿದ್ದಾರೆಯೋ ಇಲ್ಲವೋ ಎಂದು ತಲ್ಲಣಿಸುತ್ತಿದ್ದ ಕುಟುಂಬಗಳಿಗೆ ಆ ಯಂತ್ರಗಳ ಮೂಲಕ ಸುದ್ದಿ ಮುಟ್ಟಿತು. ಫೋನಿಗೆ ಗೋಪುರ ಬೇಕು, ಗೋಪುರಕ್ಕೆ ವಿದ್ಯುತ್ತು ಬೇಕು. ಹವ್ಯಾಸಿಗೆ ಬೇಕಾದುದು ಬ್ಯಾಟರಿ, ತಂತಿ, ಮತ್ತು ಅವನ್ನು ಬಳಸಬಲ್ಲ ಕೈ.

ಆ ಕೈ ಪಳಗುವುದು ಆಪತ್ತಿನ ದಿನದಂದಲ್ಲ. ಗಾಳಿಯಲ್ಲಿ ತಂತಿ ಏರಿಸಿ, ಟಾರ್ಚಿನ ಬೆಳಕಿನಲ್ಲಿ ಯಂತ್ರವನ್ನು ಹೊಂದಿಸಿ, ಹತ್ತು ಸಲ ಕರೆದರೂ ಉತ್ತರ ಬಾರದಾಗ ಹನ್ನೊಂದನೆಯ ಸಲ ತಾಳ್ಮೆಯಿಂದ ಕರೆಯುವ ಬೆಟ್ಟದ ರಾತ್ರಿಗಳಲ್ಲಿ ಅದು ಪಳಗುತ್ತದೆ. ಮನೆಯ ಮಗನೋ ಮಗಳೋ ಈ ಹವ್ಯಾಸವನ್ನು ಬಯಸಿದರೆ, ಅದನ್ನು ಕಾಲಹರಣವೆಂದು ತಳ್ಳಿಹಾಕದೆ, ಮೊದಲು ಪರೀಕ್ಷೆಗೆ ಓದಿಕೊಳ್ಳಲು ಹುರಿದುಂಬಿಸುವುದು ಒಳ್ಳೆಯದು.