ಕುಡಿಯುವ ನೀರಿನ ಕೆರೆಗೊಬ್ಬ ಕಾವಲುಗಾರ ಬೇಕು

ಧಾರವಾಡ ಜಿಲ್ಲೆಯ ನವಲಗುಂದ, ಗದಗ ಜಿಲ್ಲೆಯ ನರಗುಂದ, ರೋಣ ಈ ಭಾಗದ ಎರೆಭೂಮಿಯಲ್ಲಿ ಬೋರು ಕೊರೆದರೆ ಸಿಗುವುದು ಬಹುಮಟ್ಟಿಗೆ ಸವಳು ನೀರು. ಆ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆ ಬಿಡುವುದಿಲ್ಲ. ಹಾಗಾಗಿ ಅಲ್ಲಿನ ಎಷ್ಟೋ ಹಳ್ಳಿಗಳಿಗೆ ಊರ ಹೊರಗಿನ ಕುಡಿಯುವ ನೀರಿನ ಕೆರೆಯೇ ಆಧಾರ. ಮಲಪ್ರಭಾ ಕಾಲುವೆಗೆ ನೀರು ಬಿಟ್ಟಾಗ ಕೆರೆ ತುಂಬಿಸಿಕೊಳ್ಳಬೇಕು, ಮತ್ತೆ ಬಿಡುವವರೆಗೆ ಅದನ್ನೇ ಕುಡಿಯಬೇಕು. ಸುತ್ತ ಮಣ್ಣಿನ ಏರಿ. ಆ ಕಡೆ ಒಡ್ಡು ಎನ್ನುತ್ತಾರೆ. ಎಂಜಿನಿಯರ್ ಕಣ್ಣಿಗೆ ಇದೊಂದು ಪುಟ್ಟ ಅಣೆಕಟ್ಟು. ಊರಿನವರಿಗೆ ಮಾತ್ರ ಅದು ಬರೀ ನೀರು.

2018ರ ನವೆಂಬರ್ ಕೊನೆಯಲ್ಲಿ ನವಲಗುಂದ ತಾಲ್ಲೂಕಿನ ಇಂಥ ಒಂದು ಕೆರೆಯಲ್ಲಿ ಮಹಿಳೆಯೊಬ್ಬರ ಶವ ಸಿಕ್ಕಿತು. ಅವರಿಗೆ ಎಚ್‌ಐವಿ ಸೋಂಕು ಇತ್ತೆಂಬ ಮಾತು ಊರಲ್ಲಿ ಹಬ್ಬಿತು. ಆ ನೀರನ್ನು ಮುಟ್ಟುವುದಿಲ್ಲ ಎಂದು ಜನ ಪಟ್ಟು ಹಿಡಿದರು. ನೀರಿನಿಂದ ಎಚ್‌ಐವಿ ಹರಡುವುದಿಲ್ಲವೆಂದು ಆರೋಗ್ಯ ಇಲಾಖೆಯವರು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಕಡೆಗೆ ಪೈಪು, ಪಂಪುಗಳನ್ನು ಹಚ್ಚಿ ಸುಮಾರು 36 ಎಕರೆಯ ಕೆರೆಯನ್ನು ಬರಿದು ಮಾಡಲಾಯಿತು. ಅಷ್ಟು ದಿನ ಜನ ದೂರದ ಕಾಲುವೆಗೆ ಹೋಗಿ ನೀರು ಹೊತ್ತು ತಂದರು.

ಎಚ್‌ಐವಿ ನೀರಿನಿಂದ ಹರಡುವ ರೋಗಾಣುವೇ ಅಲ್ಲ. ಮನುಷ್ಯನ ಮೈಯ ಹೊರಗೆ, ಅದರಲ್ಲೂ ಅಷ್ಟು ದೊಡ್ಡ ಕೆರೆಯ ನೀರಿನಲ್ಲಿ, ಅದು ಸೋಂಕು ತಗುಲಿಸುವಂತೆ ಉಳಿಯುವುದಿಲ್ಲ. ಶವ ಬಿದ್ದ ನೀರನ್ನು ಕುಡಿಯಲು ಮನಸ್ಸು ಹಿಂಜರಿಯುವುದು ಸಹಜ, ಅದನ್ನು ಹಗುರವಾಗಿ ಕಾಣಬಾರದು. ಆದರೆ ಜನ ಬಿಟ್ಟು ಬಂದದ್ದು ಯಾವ ನೀರನ್ನು, ಹೋಗಿ ತುಂಬಿಕೊಂಡದ್ದು ಯಾವ ನೀರನ್ನು ಎಂದು ಸ್ವಲ್ಪ ಯೋಚಿಸಿ. ಕೆರೆಯಲ್ಲಿ ಅಲುಗಾಡದೆ ನಿಂತ ನೀರಿನಲ್ಲಿ ಕೊಳೆ ತಳಕ್ಕಿಳಿಯುತ್ತದೆ, ಬಿಸಿಲು ಗಾಳಿ ತಾಗುತ್ತದೆ. ಐದರಿಂದ ಏಳು ದಿನಗಳಲ್ಲಿ ಅದರಲ್ಲಿನ ಬ್ಯಾಕ್ಟೀರಿಯಾಗಳಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಸಾಯುತ್ತವೆ. ಕಾಲುವೆಯಲ್ಲಿ ಹರಿಯುವ ನೀರು ಹತ್ತಾರು ಊರು ದಾಟಿ, ದನ ತೊಳೆದಲ್ಲಿ, ಬಟ್ಟೆ ಒಗೆದಲ್ಲಿ, ಔಷಧಿ ಸಿಂಪಡಿಸುವ ಪಂಪು ಜಾಲಿಸಿದಲ್ಲಿ ಹಾದು ಬಂದಿರುತ್ತದೆ. ಇಲ್ಲದ ಅಪಾಯಕ್ಕೆ ಹೆದರಿ ನಿಜವಾದ ಅಪಾಯವನ್ನು ಕೊಡದಲ್ಲಿ ತುಂಬಿಕೊಂಡಂತಾಯಿತು.

ನೀರಿನಿಂದ ಬರುವ ರೋಗಗಳು ವಾಂತಿಭೇದಿ, ಕಾಲರಾ, ಟೈಫಾಯಿಡ್, ಕಾಮಾಲೆ. ಎಲ್ಲಕ್ಕೂ ಮೂಲ ಒಂದೇ, ಮನುಷ್ಯನ ಮಲ. 2023ರಲ್ಲಿ ಕೊಪ್ಪಳ ಜಿಲ್ಲೆಯ ಹಳ್ಳಿಗಳಲ್ಲಿ, ಅದೇ ವರ್ಷ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಅಂಥ ನೀರಿಗೆ ಬಣ್ಣವೂ ಇರಬೇಕಿಲ್ಲ, ವಾಸನೆಯೂ ಇರಬೇಕಿಲ್ಲ. ಕಣ್ಣಿಗೆ ಕಾಣದ್ದರಿಂದಲೇ ಅದಕ್ಕೆ ಯಾರೂ ಪಟ್ಟು ಹಿಡಿಯುವುದಿಲ್ಲ.

ಕೆರೆಗೆ ಕಾಲಿಡದಂತೆ ನೋಡಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ನಮ್ಮಲ್ಲೇ ಉದಾಹರಣೆಯಿದೆ. ನಾರು ಹುಣ್ಣು ಹಿರಿಯರಿಗೆ ನೆನಪಿರಬಹುದು. ಕಾಲಿನಿಂದ ಹೊರಬರುವ ಉದ್ದನೆಯ ಹುಳು. ರೋಗಿ ಮೆಟ್ಟಿಲ ಬಾವಿಗೋ ಕೆರೆಗೋ ಇಳಿದರೆ ಹುಳು ಮರಿಗಳನ್ನು ನೀರಿಗೆ ಬಿಡುತ್ತಿತ್ತು, ಆ ನೀರು ಕುಡಿದವರಿಗೆ ಮರುವರ್ಷ ಹುಣ್ಣು. ಅದಕ್ಕೆ ಲಸಿಕೆಯೂ ಇರಲಿಲ್ಲ, ಗುಣಪಡಿಸುವ ಔಷಧಿಯೂ ಇರಲಿಲ್ಲ. ನೀರು ಸೋಸುವುದು, ರೋಗಿಗಳನ್ನು ನೀರಿಗಿಳಿಯದಂತೆ ತಡೆಯುವುದು, ಮೆಟ್ಟಿಲ ಬಾವಿಗಳನ್ನು ಸರಿಪಡಿಸುವುದು, ನೀರಿನಲ್ಲಿನ ಸೂಕ್ಷ್ಮ ಕೀಟಗಳನ್ನು ಕೊಲ್ಲುವುದು ಇಷ್ಟರಿಂದಲೇ ಕರ್ನಾಟಕವೂ ಸೇರಿ ಏಳು ರಾಜ್ಯಗಳನ್ನು ಕಾಡುತ್ತಿದ್ದ ರೋಗ ತೊಲಗಿತು. ದೇಶದ ಕೊನೆಯ ರೋಗಿ ಕಂಡದ್ದು 1996ರಲ್ಲಿ. 2000ದಲ್ಲಿ ಭಾರತ ಈ ರೋಗದಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು.

ಇನ್ನು ಏರಿಯ ವಿಚಾರ. ಆರೋಗ್ಯದ ಅಂಕಣದಲ್ಲಿ ಮಣ್ಣಿನ ಏರಿ ಏಕೆ ಎಂದು ಕೇಳಬಹುದು. ಏರಿ ಒಡೆದರೆ ಕೆಳಗಿನ ಮನೆಗಳಿಗೆ ಅಪಾಯ, ಊರಿಗೆ ತಿಂಗಳುಗಟ್ಟಲೆ ಕುಡಿಯಲು ನೀರಿಲ್ಲ, ಸಿಕ್ಕ ನೀರು ಕುಡಿದವರಿಗೆ ಕಾಯಿಲೆ. ಎಲ್ಲವೂ ಒಂದರ ಬೆನ್ನಿಗೆ ಒಂದು ಬರುತ್ತವೆ. 2019ರ ಜುಲೈ 2ರ ರಾತ್ರಿ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಎಂಬಲ್ಲಿ ಸಣ್ಣ ಮಣ್ಣಿನ ಅಣೆಕಟ್ಟು ಒಡೆದು ಮಲಗಿದ್ದವರು ಮನೆಗಳ ಸಮೇತ ಕೊಚ್ಚಿಹೋದರು. ನೀರು ಸೋರುತ್ತಿದೆ ಎಂದು ಊರಿನವರು ಮೊದಲೇ ದೂರಿದ್ದರು. ಏಡಿಗಳು ಕೊರೆದು ಹಾಳುಮಾಡಿದವು ಎಂದು ಅಲ್ಲಿನ ಮಂತ್ರಿಯೊಬ್ಬರು ಹೇಳಿ ನಗೆಪಾಟಲಾದರು. ಏಡಿ, ಇಲಿ, ಹೆಗ್ಗಣ ಮಣ್ಣಿನ ಏರಿಯನ್ನು ಕೊರೆಯುವುದು ಸುಳ್ಳೇನಲ್ಲ. ಆದರೆ ಬಿಲ ಕಂಡಾಗಲೇ ಮುಚ್ಚಬೇಕಾದವರು ಯಾರಾಗಿದ್ದರು ಎಂಬುದಲ್ಲವೇ ಪ್ರಶ್ನೆ?

ಏರಿ ಒಂದೇ ದಿನದಲ್ಲಿ ಕೆಡುವುದು ಅಪರೂಪ. ಏರಿಯ ಬುಡದಲ್ಲಿ ತಿಳಿನೀರು ಸ್ವಲ್ಪ ಜಿನುಗುತ್ತಿದ್ದರೆ ಅದನ್ನು ಗಮನಿಸುತ್ತಿದ್ದರೆ ಸಾಕು. ಜಿನುಗು ಹೆಚ್ಚಿದರೆ, ಅದರಲ್ಲೂ ನೀರು ಕೆಂಪಗೋ ಕಪ್ಪಗೋ ಮಣ್ಣು ಬೆರೆತು ಬಂದರೆ, ಒಳಗೆ ಮಣ್ಣು ಕೊಚ್ಚಿಹೋಗುತ್ತಿದೆ ಎಂದರ್ಥ. ಆಗ ಆ ದಿನವೇ ಎಂಜಿನಿಯರ್‌ಗೆ ಹೇಳಿ, ಕೆಳಗಿನ ಮನೆಯವರನ್ನು ಎಬ್ಬಿಸಬೇಕು. ಏರಿಯ ಮೇಲೆ ಬೆಳೆದ ಬಳ್ಳಾರಿ ಜಾಲಿಯನ್ನು ಗಿಡವಾಗಿದ್ದಾಗಲೇ ಕೀಳಬೇಕು. ಮರವಾದ ಮೇಲೆ ಕಡಿದರೆ ಒಳಗಿನ ಬೇರು ಕೊಳೆತು ನೀರಿಗೆ ಕೊಳವೆಯಾಗುತ್ತದೆ. ಕೋಡಿಗೆ ಮೀನು ಹೋಗದಿರಲೆಂದು ಬಲೆ ಕಟ್ಟುವುದು, ಮರಳಿನ ಚೀಲ ಪೇರಿಸುವುದು ಕಂಡರೆ ಸುಮ್ಮನಿರಬಾರದು. ಮಣ್ಣಿನ ಏರಿಯ ಮೇಲೆ ನೀರು ಉಕ್ಕಿ ಹರಿದರೆ ಅದು ಬಹಳ ಹೊತ್ತು ನಿಲ್ಲುವುದಿಲ್ಲ.

ಕೆರೆಯನ್ನು ತರಾತುರಿಯಲ್ಲಿ ಬರಿದು ಮಾಡುವುದೂ ಏರಿಗೆ ಕೆಡುಕೇ. ತುಂಬಿದಾಗ ನೀರು ಕುಡಿದು ತೊಯ್ದ ಮಣ್ಣಿಗೆ ಎದುರಿನ ನೀರೇ ಆಸರೆಯಾಗಿರುತ್ತದೆ. ಅದನ್ನು ಒಮ್ಮೆಗೇ ಇಳಿಸಿದರೆ ಒಳಮೈ ಜರಿಯುತ್ತದೆ. ಎರೆಮಣ್ಣಂತೂ ಒಣಗಿದರೆ ಬಿರುಕು ಬಿಡುವುದು ಎಲ್ಲರಿಗೂ ಗೊತ್ತು. ಮುಂದೆ ಕಾಲುವೆ ನೀರು ಬಂದಾಗ ಆ ಬಿರುಕುಗಳಲ್ಲೇ ಸೋರಿಕೆ ಶುರು. ಬೇಸಿಗೆಯಲ್ಲಿ ಬಿರುಕು ಬಿಟ್ಟ ಕೆರೆಯನ್ನು ನಿಧಾನವಾಗಿ, ದಿನವೂ ಏರಿ ಸುತ್ತಿ ನೋಡುತ್ತ ತುಂಬಿಸಬೇಕು.

ಇಷ್ಟನ್ನು ಯಾರು ನೋಡಬೇಕು? 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಅನ್ವಯಿಸುವುದು 15 ಮೀಟರ್‌ಗಿಂತ ಎತ್ತರದ, ಕೆಲವು ಷರತ್ತುಗಳೊಡನೆ 10ರಿಂದ 15 ಮೀಟರ್ ಎತ್ತರದ ಅಣೆಕಟ್ಟುಗಳಿಗೆ. ಹಳ್ಳಿಯ ಕೆರೆ ಆ ಲೆಕ್ಕಕ್ಕೆ ಬರುವುದಿಲ್ಲ. ಉಳಿದವನು ಪಂಚಾಯಿತಿಯ ನೀರುಗಂಟಿ, ಈಗಿನ ವಾಟರ್‌ಮನ್. ಹಿಂದೆ ನೀರುಗಂಟಿ ಎಂದರೆ ತೂಬು, ಕಾಲುವೆ ಎಲ್ಲ ಬಲ್ಲವನು, ಅದಕ್ಕಾಗಿ ಊರಿನಿಂದ ಧಾನ್ಯ ಪಡೆಯುತ್ತಿದ್ದವನು. ಈಗಿನವನಿಗೆ ಮೋಟಾರು ಹಾಕುವುದು, ವಾಲ್ವು ತಿರುಗಿಸುವುದು ಇವುಗಳಲ್ಲೇ ಹೊತ್ತು ಮುಳುಗುತ್ತದೆ. ಸಂಬಳ ಎಷ್ಟೋ ಕಡೆ ತಿಂಗಳುಗಟ್ಟಲೆ ಬಾಕಿ.

ನನ್ನ ಅಭಿಪ್ರಾಯದಲ್ಲಿ ಕುಡಿಯುವ ನೀರಿನ ಕೆರೆಯಿರುವ ಪ್ರತಿ ಪಂಚಾಯಿತಿಯೂ ಕೆರೆಗೆಂದೇ ಒಬ್ಬರನ್ನು ನೇಮಿಸಿ, ತರಬೇತಿ ಕೊಟ್ಟು, ತಿಂಗಳಿಗೆ ಸರಿಯಾಗಿ ಸಂಬಳ ಕೊಡಬೇಕು. ಶುದ್ಧ ನೀರಿನ ಘಟಕಗಳಿಗೆ ಲಕ್ಷಗಟ್ಟಲೆ ಸುರಿಯುತ್ತೇವೆ, ಉದ್ಘಾಟನೆಯೂ ಜೋರಾಗಿ ಆಗುತ್ತದೆ, ಎಷ್ಟೋ ಘಟಕಗಳು ಕೆಟ್ಟು ಬೀಗ ಹಾಕಿಕೊಂಡಿವೆ. ಕಾವಲುಗಾರನಿಗೆ ಉದ್ಘಾಟನೆ ಇಲ್ಲ, ಕಲ್ಲಿನ ಮೇಲೆ ಹೆಸರಿಲ್ಲ. ಅದಕ್ಕೇ ಇರಬೇಕು, ಯಾರಿಗೂ ಅವನು ನೆನಪಾಗುವುದಿಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಏರಿ ಸುತ್ತುವುದು, ದನ ಇಳಿಸುವವರನ್ನು ತಡೆಯುವುದು, ಬೇಲಿ ಮುರಿದಿದ್ದರೆ ಹೇಳುವುದು, ಕಂಡದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುವುದು ಅವನ ಕೆಲಸ. ಕತ್ತಲಲ್ಲಿ ಒಬ್ಬರೇ ಕೆರೆಯತ್ತ ಬಂದ ನೊಂದ ಜೀವವೊಂದನ್ನು ಮಾತಾಡಿಸಿ ಮನೆಗೆ ಕರೆದೊಯ್ಯಲೂ ಅಲ್ಲೊಬ್ಬರು ಇರಬೇಕು.

ಬ್ಲೀಚಿಂಗ್ ಪುಡಿಯನ್ನು ಕೆರೆಗೆ ಎರಚುವುದು ದುಡ್ಡು ದಂಡ. ನೀರು ಸೋಸಿ ಮೇಲಿನ ಟ್ಯಾಂಕಿಗೆ ಏರಿದ ಮೇಲೆ ಹಾಕಬೇಕು. ಸಾವಿರ ಲೀಟರಿಗೆ ಸುಮಾರು ಎರಡೂವರೆ ಗ್ರಾಂ, ಅಂದರೆ 50 ಸಾವಿರ ಲೀಟರಿನ ಟ್ಯಾಂಕಿಗೆ 125 ಗ್ರಾಂ ಹೊಸ ಪುಡಿ. ಚೀಲ ಬಾಯಿ ತೆರೆದು ತಿಂಗಳುಗಟ್ಟಲೆ ಬಿದ್ದಿದ್ದ ಪುಡಿಯಲ್ಲಿ ಸತ್ವ ಉಳಿದಿರುವುದಿಲ್ಲ. ಕದಡಿದ ನೀರೂ ಕ್ಲೋರಿನ್ ಅನ್ನು ನುಂಗಿಬಿಡುತ್ತದೆ. ಹಾಕಿ ಒಂದು ಗಂಟೆಯಾದರೂ ಬಿಟ್ಟು ನಂತರ ನೀರು ಬಿಡಬೇಕು. ಪರೀಕ್ಷಿಸಬೇಕಾದದ್ದು ಟ್ಯಾಂಕಿನ ಬುಡದಲ್ಲಿ ಅಲ್ಲ, ಊರ ಕೊನೆಯ ಮನೆಯ ನಲ್ಲಿಯಲ್ಲಿ. ಅಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. 2019ರಲ್ಲಿ ಆರಂಭವಾದ ಜಲಜೀವನ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ನೀರು ಪರೀಕ್ಷೆ ಕಲಿಸುವ ಏರ್ಪಾಡಿದೆ. ನಿಮ್ಮ ಊರಿನ ಆ ಐವರು ಯಾರು, ಪರೀಕ್ಷೆಯ ಕಿಟ್ ಎಲ್ಲಿದೆ ಎಂದು ಪಂಚಾಯಿತಿಯಲ್ಲಿ ಕೇಳಿ.

ಕಾಲುವೆಗೆ ಹೊಸದಾಗಿ ನೀರು ಬಿಟ್ಟಾಗ ಮೊದಲು ಬರುವ ಕಸ, ಕೆಸರಿನ ನೀರನ್ನು ಕೆರೆಗೆ ತಿರುಗಿಸದೆ ಮುಂದೆ ಹೋಗಲು ಬಿಡುವಂತೆ ಹೇಳಿ. ಕೆರೆ ತುಂಬಿದ ಮೊದಲ ವಾರ ಮನೆಯಲ್ಲಿ ನೀರನ್ನು ಕುದಿಸಿ ಕುಡಿಯುವುದು ಒಳ್ಳೆಯದು. ಮಗುವಿಗೆ ನೀರುನೀರಾಗಿ ಭೇದಿಯಾದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಪೊಟ್ಟಣ ಓಆರ್‌ಎಸ್ ಬೆರೆಸಿ ಗುಟುಕು ಗುಟುಕಾಗಿ ಕುಡಿಸುತ್ತಿರಿ. ಕಣ್ಣು ಗುಳಿ ಬಿದ್ದರೆ, ಮೂತ್ರ ನಿಂತರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಅಕ್ಕಪಕ್ಕದ ಎರಡು ಮೂರು ಮನೆಗಳಲ್ಲಿ ಒಂದೇ ದಿನ ಭೇದಿ ಕಂಡರೆ ಆಶಾ ಕಾರ್ಯಕರ್ತೆಗೆ ಅದೇ ದಿನ ತಿಳಿಸಿ.