ರೈಲು ಹೋದ ಮೇಲೆ ಉಳಿದ ದಾರಿ

ನಮ್ಮ ಹಾಸ್ಟೆಲ್ ಕೊಠಡಿಯಲ್ಲಿ ಈಗ ಎಲ್ಲರಿಗೂ ಒಂದೇ ಹುಚ್ಚು: ಮೋಟರ್‌ಹೋಮ್. ಹಾಸಿಗೆ, ಗ್ಯಾಸ್ ಒಲೆ, ಶೌಚಾಲಯ ಎಲ್ಲವೂ ಇರುವ ವ್ಯಾನಿನಲ್ಲಿ ಯುರೋಪು ಸುತ್ತುವವರ ರೀಲ್ಸ್ ನೋಡುತ್ತಾ ಮಧ್ಯರಾತ್ರಿ ದಾಟುತ್ತದೆ. ಅಂಥದ್ದೊಂದು ಕೊಂಡರೆ ತಿಂಗಳಿಗೆ ಎಷ್ಟು ಇಎಂಐ ಬೀಳಬಹುದು ಎಂಬ ಲೆಕ್ಕವೂ ನಡೆಯುತ್ತದೆ. ಕೆಲಸ ಇನ್ನೂ ಯಾರಿಗೂ ಸಿಕ್ಕಿಲ್ಲ, ಆ ಮಾತು ಬೇರೆ.

ನನ್ನ ಕಣ್ಣು ಹೋಗುವುದು ಆ ವ್ಯಾನಿನ ಹಿಂಬದಿಗೆ ಕಟ್ಟಿದ ಸೈಕಲ್‌ಗಳ ಮೇಲೆ. ಅಷ್ಟು ದೊಡ್ಡ ಗಾಡಿ ಹಳೆಯ ಊರುಗಳ ಓಣಿಗೆ ನುಗ್ಗುವುದಿಲ್ಲ. ಊರಾಚೆ ನಿಲ್ಲಿಸಿ, ಸೈಕಲ್ ಇಳಿಸಿಕೊಂಡು ಹೊರಡಬೇಕು. ಹಾಗೆ ಹೊರಟವರಲ್ಲಿ ಅನೇಕರು ಹಿಡಿಯುವುದು ರೈಲು ನಿಂತುಹೋದ ಹಳಿಗಳ ಜಾಗವನ್ನು.

ಸ್ಪೇನಿನಲ್ಲಿ ಇವಕ್ಕೆ ‘ವಿಯಾಸ್ ವೆರ್ದೆಸ್’, ಅಂದರೆ ಹಸಿರು ದಾರಿಗಳು ಎನ್ನುತ್ತಾರೆ. 1993ರಲ್ಲಿ ಶುರುವಾದ ಈ ಯೋಜನೆಯ ದಾರಿಗಳೆಲ್ಲ ಸೇರಿದರೆ ಇಂದು 3,000 ಕಿ.ಮೀ.ಗೂ ಹೆಚ್ಚು. ಆಂಡಲೂಸಿಯಾದ ಒಲ್ವೆರಾ ಊರಿನಿಂದ ಪುಯೆರ್ತೊ ಸೆರ್ರಾನೊವರೆಗಿನ 36 ಕಿ.ಮೀ. ದಾರಿಯಲ್ಲಿ 30 ಸುರಂಗಗಳಿವೆ. ತಮಾಷೆಯೆಂದರೆ, ಅಲ್ಲಿ ಒಂದೇ ಒಂದು ರೈಲೂ ಓಡಿಲ್ಲ! 1920ರ ದಶಕದಲ್ಲಿ ಸುರಂಗ ಕೊರೆದು, ಸೇತುವೆ ಕಟ್ಟಿ, ಕೊನೆಗೆ ಕೆಲಸವನ್ನೇ ಕೈಬಿಟ್ಟರು. ದಂಡವಾಯಿತು ಅಂದುಕೊಂಡಿದ್ದ ಜಾಗದಲ್ಲಿ ಈಗ ಸೈಕಲ್‌ಗಳು ಓಡುತ್ತವೆ, ನಿಲ್ದಾಣದ ಕಟ್ಟಡಗಳಲ್ಲಿ ಊಟ, ವಸತಿ ಸಿಗುತ್ತದೆ. ದಾರಿ ಪಕ್ಕದ ಬಂಡೆಗುಡ್ಡದಲ್ಲಿ ರಣಹದ್ದುಗಳು ಗೂಡು ಕಟ್ಟುತ್ತವೆ.

ರೈಲು ದಾರಿಯೇ ಯಾಕೆ? ರೈಲಿಗೆ ಕಡಿದಾದ ಏರು ಹತ್ತಲಾಗದು. ಹಾಗಾಗಿ ಎಂಜಿನಿಯರುಗಳು ಗುಡ್ಡ ಕಡಿದು, ಕಣಿವೆಗೆ ಸೇತುವೆ ಹಾಕಿ, ಏರಿಳಿತವನ್ನು ಆದಷ್ಟು ಸವರಿಬಿಟ್ಟಿರುತ್ತಾರೆ. ಗೇರ್ ಇಲ್ಲದ ಸೈಕಲ್ ಇದ್ದವರಿಗೂ, ಗಾಲಿಕುರ್ಚಿಯಲ್ಲಿ ಬರುವವರಿಗೂ, ಮಂಡಿ ನೋವಿನ ಅಜ್ಜಿಗೂ ಅಲ್ಲಿ ಬೆಟ್ಟಸೀಮೆ ನೋಡುವ ಅವಕಾಶ ಸಿಗುತ್ತದೆ. ಟ್ರಕ್ಕಿನ ಹಾರ್ನ್ ಇಲ್ಲ, ಟಿಕೆಟ್ಟೂ ಇಲ್ಲ.

ಬ್ರಿಟನ್ನಿನಲ್ಲಿ 1963ರ ಬೀಚಿಂಗ್ ವರದಿ ಬಂದ ಮೇಲೆ ಸಾವಿರಾರು ಮೈಲಿ ಹಳಿ ಮುಚ್ಚಿತು. ಬ್ರಿಸ್ಟಲ್‌ನಿಂದ ಬಾತ್‌ಗೆ ಹೋಗುವ ಸುಮಾರು 21 ಕಿ.ಮೀ. ಹಳೆಯ ಮಾರ್ಗವನ್ನು 1979ರಿಂದ ಸ್ವಯಂಸೇವಕರು ಮೈಮುರಿದು ಸೈಕಲ್ ದಾರಿಯಾಗಿಸಿದರು. ಇವತ್ತು ಅದರಲ್ಲಿ ಪ್ರವಾಸಿಗರಷ್ಟೇ ಅಲ್ಲ, ಕಾಲೇಜಿಗೆ, ಕೆಲಸಕ್ಕೆ ಹೋಗುವವರೂ ಸಾಗುತ್ತಾರೆ. 2008ರಲ್ಲಿ ಅದರ ಒಂದು ಭಾಗದಲ್ಲಿ ಬಸ್ ಓಡಿಸುವ ಪ್ರಸ್ತಾವ ಬಂದಾಗ ಜನ ತಿರುಗಿಬಿದ್ದರು. ಪ್ರಸ್ತಾವ ಮೂಲೆ ಸೇರಿತು. ಮೋಟರ್‌ಹೋಮ್ ಕೊಳ್ಳಲು ದುಡ್ಡು ಬೇಕು, ಅದು ಕೊಂಡವನದ್ದು. ದಾರಿ ಹಾಗಲ್ಲ, ಎಲ್ಲರದ್ದು. ನಮ್ಮ ರೀಲ್ಸ್ ಮಾತ್ರ ಮೊದಲನೆಯದನ್ನೇ ‘ಸ್ವಾತಂತ್ರ್ಯ’ ಎಂದು ಮಾರುತ್ತವೆ.

‘ದಾರಿ ಇದ್ದರೆ ಮೊದಲು ರೈಲನ್ನೇ ಓಡಿಸಲಿ’ ಎನ್ನುವವರಿದ್ದಾರೆ. ಸರಿಯಾದ ಮಾತೇ. ಡರ್ಬಿಶೈರಿನ ಮೊನ್ಸಲ್ ದಾರಿಯಲ್ಲಿ ಮತ್ತೆ ರೈಲು ಬರಲಿ ಎಂಬ ಬೇಡಿಕೆ ಇದೆ. ಆದರೆ ಅದನ್ನು ಕೇಳಲಿಕ್ಕಾದರೂ ಜಾಗ ಉಳಿದಿರಬೇಕಲ್ಲ? ಅಮೆರಿಕ 1983ರಲ್ಲೇ ಇದಕ್ಕೊಂದು ಕಾನೂನಿನ ದಾರಿ ಮಾಡಿತು: ಬಿಟ್ಟ ಹಳಿಯ ಜಾಗವನ್ನು ನಡಿಗೆ, ಸೈಕಲ್‌ಗೆ ಬಳಸಬಹುದು, ಮುಂದೆ ಬೇಕಾದರೆ ರೈಲಿಗೆ ವಾಪಸ್ ಕೊಡಬಹುದು. ಅಲ್ಲಿಯವರೆಗೆ ಅದು ತುಂಡು ತುಂಡಾಗಿ ಹಂಚಿಹೋಗುವುದಿಲ್ಲ.

ನಮ್ಮಲ್ಲಿ ಈ ಆಸೆ ಇಲ್ಲವೇ? ಸಕಲೇಶಪುರ ಘಾಟಿಯಲ್ಲಿ ಹಳಿಯ ಮೇಲೆ ನಡೆಯಲು ಹುಡುಗರು ಮುಗಿಬಿದ್ದದ್ದು ಇನ್ಯಾವುದಕ್ಕೆ? ಆದರೆ ಅದು ರೈಲು ಓಡುವ ಮಾರ್ಗ. ಅಲ್ಲಿ ನಡೆಯುವುದು ಅಪರಾಧ, ಸುರಂಗದಲ್ಲಿ ರೈಲು ಎದುರಾದರೆ ಜೀವಕ್ಕೇ ಕುತ್ತು. ಅದನ್ನು ನಿಷೇಧಿಸಿದ್ದು ಸರಿ. ಅದರ ಬದಲಿಗೆ ಬೇರೇನನ್ನೂ ಕೊಡದಿದ್ದದ್ದು ಸರಿಯಲ್ಲ.

ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಹಿಂದೆ ಪುಟ್ಟ ರೈಲೊಂದು ಓಡುತ್ತಿತ್ತು. ಅದು ಸಾಗಿದ ಜಾಗದಲ್ಲಿ ಎಷ್ಟು ಉಳಿದಿದೆ, ಯಾರ ಹೆಸರಿನಲ್ಲಿದೆ? ನಿಮ್ಮೂರಲ್ಲೂ ಅಂಥ ಹಳೆಯ ಹಳಿ ಇದ್ದಿರಬಹುದು, ಮನೆಯ ಹಿರಿಯರನ್ನೊಮ್ಮೆ ಕೇಳಿ. ದಾಖಲೆ ಕೇಳುವ ಮಾಹಿತಿ ಹಕ್ಕು ಅರ್ಜಿಗೆ ಶುಲ್ಕ ಹತ್ತು ರೂಪಾಯಿ. ನನ್ನದನ್ನು ಈ ವಾರ ಹಾಕುತ್ತಿದ್ದೇನೆ.