ಚಿವುಟುವ ಕೈ, ತೂಗುವ ಕೈ

2024ರ ನವೆಂಬರ್ 12ರಂದು ನ್ಯೂಜಿಲೆಂಡ್ ಪ್ರಧಾನಿ ಕ್ರಿಸ್ಟೊಫರ್ ಲಕ್ಸನ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಸರ್ಕಾರಿ ಬಾಲಮಂದಿರಗಳಲ್ಲಿ, ಚರ್ಚುಗಳ ಆಸರೆಯಲ್ಲಿ ದಶಕಗಟ್ಟಲೆ ಏಟು ತಿಂದವರ, ಲೈಂಗಿಕ ಹಿಂಸೆಗೆ ಸಿಕ್ಕವರ ಕ್ಷಮೆ. ಈ ದೌರ್ಜನ್ಯಗಳ ತನಿಖೆ ನಡೆಸಿದ ರಾಯಲ್ ಕಮಿಷನ್ ಅಂದಾಜಿನಂತೆ ಅಂಥವರು ಸುಮಾರು 2 ಲಕ್ಷ. ಒಂಬತ್ತೇ ದಿನಕ್ಕೆ ಹೊಸ ಕಾಯ್ದೆ ಜಾರಿಗೆ ಬಂತು: ಗ್ಯಾಂಗಿನ ಲಾಂಛನ ತೊಟ್ಟು ಬೀದಿಗಿಳಿದರೆ ಆರು ತಿಂಗಳವರೆಗೆ ಜೈಲು. ಮಗುವನ್ನು ಚಿವುಟಿ ತೊಟ್ಟಿಲು ತೂಗುವುದೆಂದರೆ ಇದೇ. ಮಾಂಗ್ರೆಲ್ ಮಾಬ್, ಬ್ಲ್ಯಾಕ್ ಪವರ್ ಗ್ಯಾಂಗುಗಳಿಗೆ ಹುಡುಗರು ಬಂದದ್ದು ಬಹುಪಾಲು ಆ ಬಾಲಮಂದಿರಗಳಿಂದಲೇ ಅಲ್ಲವೇ? ಅವರಲ್ಲಿ ಆ ನಾಡಿನ ಮೂಲನಿವಾಸಿಗಳಾದ ಮಾವೊರಿ ಮಕ್ಕಳೇ ಹೆಚ್ಚು.

ಇಂಥವರಿಗೆ ನೆರವಾಗಬೇಕಾದ ಸಮಾಜಕಾರ್ಯದ ತರಬೇತಿಗಳಲ್ಲೆಲ್ಲ ಈಗ ‘ರೆಸಿಲಿಯನ್ಸ್’ ಜಪ. ಬಿದ್ದವನು ತಾನೇ ಎದ್ದು ನಿಲ್ಲಬೇಕಂತೆ. ಸರ್ಕಾರಕ್ಕೆ ಇದಕ್ಕಿಂತ ಅಗ್ಗದ ಉಪದೇಶ ಇನ್ನೊಂದಿಲ್ಲ! ಮಾವೊರಿಗಳ ಲೆಕ್ಕ ಬೇರೆ. ಮಾವೊರಿ ಮನೋವೈದ್ಯ ಮೇಸನ್ ಡ್ಯೂರಿ 1980ರ ದಶಕದಲ್ಲಿ ಮುಂದಿಟ್ಟ ‘ತೆ ಫಾರೆ ತಪ ಫಾ’ ಚಿಂತನೆಯಲ್ಲಿ ಆರೋಗ್ಯವೆಂದರೆ ನಾಲ್ಕು ಗೋಡೆಯ ಮನೆ: ದೇಹ, ಮನಸ್ಸು, ಆತ್ಮ, ಬಂಧುಬಳಗ. ಬಳಗದಿಂದ ಕಿತ್ತು ತಂದ ಹುಡುಗ ಆ ನಾಲ್ಕನೆಯ ಗೋಡೆಯನ್ನು ಗ್ಯಾಂಗಿನಲ್ಲಿ ಕಟ್ಟಿಕೊಂಡ. ‘ಮೊದಲು ಗ್ಯಾಂಗ್ ಬಿಡು, ಆಮೇಲೆ ಬಾ’ ಎನ್ನುವ ಸಮಾಜಕಾರ್ಯಕರ್ತೆ ಕೆಡವುತ್ತಿರುವುದು ಅದನ್ನೇ. ಅವನ ವಂಶಾವಳಿ, ಅವನ ಊರು, ಅವನ ಅಜ್ಜಿಯನ್ನು ಮೊದಲು ಅವನಿಗೆ ಮರಳಿಸಬೇಕು. ಗ್ಯಾಂಗಿನ ಜಾಕೆಟ್ ಕಳಚುವ ಮಾತು ಆಮೇಲೆ.

2021ರಲ್ಲಿ ಮಾಂಗ್ರೆಲ್ ಮಾಬ್ ನಂಟಿನ ಮಾದಕವ್ಯಸನಮುಕ್ತಿ ಶಿಬಿರಕ್ಕೆ ಆಗಿನ ಸರ್ಕಾರ 27.5 ಲಕ್ಷ ಡಾಲರ್ ಕೊಟ್ಟಾಗ ವಿರೋಧ ಪಕ್ಷ ಬೊಬ್ಬೆ ಹೊಡೆಯಿತು. ಅದು ಅಪರಾಧಿಗಳಿಂದ ಮುಟ್ಟುಗೋಲು ಹಾಕಿಕೊಂಡ ಹಣ. ಆಸ್ಪತ್ರೆಯ ಹೊಸ್ತಿಲು ತುಳಿಯದವರ ಬಳಿಗೆ ಅವರದೇ ಜನ ಹೋಗದೆ ಇನ್ಯಾರು ಹೋಗಬೇಕಿತ್ತು? ಅಪರಾಧಿ ಬೆಳೆದು ಬಂದ ಬಗೆಯನ್ನು ನ್ಯಾಯಾಧೀಶರ ಮುಂದಿಡುವ ವರದಿಗಳಿಗೆ ಸಿಗುತ್ತಿದ್ದ ಕಾನೂನು ನೆರವಿನ ಹಣವನ್ನೂ 2024ರಲ್ಲಿ ಲಕ್ಸನ್ ಸರ್ಕಾರ ನಿಲ್ಲಿಸಿತು. ಕ್ಷಮೆ ಕೇಳಿದ ವರ್ಷವೇ!

ಒಂದು ಆಕ್ಷೇಪವನ್ನು ಮಾತ್ರ ತಳ್ಳಿಹಾಕಲಾರೆ. ಗ್ಯಾಂಗಿನ ಗಂಡಸರ ಕೈಯಲ್ಲಿ ನಲುಗಿದ ಹೆಂಗಸರೂ ಮಾವೊರಿಗಳೇ. ‘ಬಳಗದ ಬಲ’ ಎಂದು ಹಾಡಿಹೊಗಳುವ ಭರದಲ್ಲಿ ಅವರ ಬಾಯಿ ಮುಚ್ಚಿಸಿದರೆ ಅದು ಯಾವ ಮೂಲನಿವಾಸಿ ಸಿದ್ಧಾಂತವೂ ಅಲ್ಲ, ಹಳೆಯ ದಬ್ಬಾಳಿಕೆಯೇ. ಹಾಗಾಗಿ ಹಣ ಕೊಡಲಿ, ಧಾರಾಳವಾಗಿಯೇ ಕೊಡಲಿ. ಆದರೆ ಯಾವ ಗಂಡಸು ಶಿಬಿರ ನಡೆಸಬಹುದು, ಯಾರು ಅದರ ಹತ್ತಿರವೂ ಸುಳಿಯಕೂಡದು ಎಂಬುದನ್ನು ಆ ಗಂಡಸರ ಮನೆಗಳ ಹೆಂಗಸರೇ ತೀರ್ಮಾನಿಸಲಿ. ಅವರು ಬೇಡವೆಂದ ಹೆಸರನ್ನು ಇಲಾಖೆಯಾಗಲಿ, ಗ್ಯಾಂಗಿನ ಮುಖಂಡನಾಗಲಿ ಮತ್ತೆ ಪಟ್ಟಿಗೆ ಸೇರಿಸುವಂತಿರಬಾರದು.